ಎಲೆ ಹಚ್ಚುವವನ ಗಿಣಿ

“ಬುದ್ಧೀ, ನೋವಿನಿಂದ ಬಿಡಿಸಿ ಕರಕೊಂಡು ಬಂದ ಮೇಲೂ ನೋವು ಯಾಕೆ ಹೆಚ್ಚುತ್ತಲೇ ಹೋಗುತ್ತೆ?”

ಕೇಳಿದವನು ಮುದ್ದವೀರ. ಬೆಳಿಗ್ಗೆ ಮಠಕ್ಕೆ ಪಾಠಕ್ಕೆ ಬಂದು ಮಧ್ಯಾಹ್ನ ಮನೆಗೆ ಹೋಗುವ ಶಿಷ್ಯ. ಪಾಠದ ನಡುವೆ ಬಾಯಿ ತೆರೆದವನಲ್ಲ. ಗುರುಗಳು ಪುಸ್ತಕ ಮುಚ್ಚಿ, ಯಾರ ನೋವು ಎಂದು ಕೇಳಿದರು.

“ನನ್ನ ತಂಗಿ ಪುಟ್ಟತಾಯಿದು ಬುದ್ಧಿ. ಗಂಡನ ಮನೇಲಿ ಹೊಡೀತಾರೆ ಅಂತ ಗೊತ್ತಾಗಿ ಎಂಟು ತಿಂಗಳ ಹಿಂದೆ ನಾನೇ ಹೋಗಿ ಕರಕೊಂಡು ಬಂದೆ. ಈಗ ಅವಳ ಮೇಲೆ ಯಾರೂ ಕೈ ಎತ್ತಲ್ಲ. ಕೂತಲ್ಲಿಗೇ ಎಲ್ಲ ತಂದುಕೊಡ್ತೀವಿ. ಆದ್ರೂ ದಿನದಿಂದ ದಿನಕ್ಕೆ ಸೊರಗ್ತಾ ಇದಾಳೆ. ದಿನಾ ಸಂಜೆ ಎದುರಿಗೆ ಕೂತು, ಅಲ್ಲಿ ಏನೇನಾಯ್ತು ಹೇಳವ್ವ, ಮನಸ್ಸು ಹಗುರಾಗಲಿ ಅಂತೀನಿ. ಹೇಳ್ತಾಳೆ, ಅಳ್ತಾಳೆ. ಅತ್ತು ಸಾಕಾದ ಮೇಲೆ ನಾನೇ ಅನ್ನ ಕಲಸಿ ತುತ್ತು ಕೊಡ್ತೀನಿ. ಅವಳು ಉಣ್ಣೋದು ಅದೊಂದೇ ಹೊತ್ತು. ನಾಡಿದ್ದು ನೆಂಟರಲ್ಲಿ ಹಿರಿಯರು ಬರ್ತಾರೆ. ಅಲ್ಲಿದ್ದಾಗ ಮೈಕೈ ತುಂಬಿಕೊಂಡಿದ್ಲು, ವಾಪಸ್ ಕಳಿಸು ಅಂತಾರೆ. ಅವರಿಗೆ ಏನು ಹೇಳಬೇಕೋ ನನಗೆ ತಿಳೀತಿಲ್ಲ.”

ಗುರುಗಳಿಗೆ ಸಮಾಧಾನ ಹೇಳಲು ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.  ಅವರು ನಡುವೆ ಬಾಯಿ ಹಾಕಬಾರದೆಂದು ಹೇಳಿ ಈ ಕತೆ ತೆಗೆದರು.

ಒಂದು ಊರಿನಲ್ಲಿ ಎಲೆ ಹಚ್ಚುವವನೊಬ್ಬನಿದ್ದ. ಒಣಗಿದ ಮುತ್ತುಗದ ಎಲೆಗಳಿಗೆ ನೀರು ಚಿಮುಕಿಸಿ, ಒಂದರ ಅಂಚಿಗೆ ಇನ್ನೊಂದು ಇಟ್ಟು, ಸಣ್ಣ ಕಡ್ಡಿ ಚುಚ್ಚಿ ಊಟದ ಎಲೆ ಮಾಡುವುದು ಅವನ ಕಸುಬು. ಸುತ್ತಲಿನ ಮದುವೆಗೂ ತಿಥಿಗೂ ಅವನ ಜಗಲಿಯಿಂದಲೇ ಎಲೆ ಹೋಗಬೇಕು. ಒಳ್ಳೆಯ ಮನುಷ್ಯ. ತಾನು ಒಳ್ಳೆಯವನೆಂಬುದು ಅವನಿಗೂ ಗೊತ್ತಿತ್ತು, ಅವನಲ್ಲಿದ್ದ ತೊಡಕು ಅಷ್ಟೇ.

ಒಂದು ಸಂತೆಯ ದಿನ ಅವನು ಎಲೆಯ ಕಟ್ಟು ಹೊತ್ತು ಹೋಗುತ್ತಿದ್ದಾಗ ಹುಣಸೆಮರದ ಕೆಳಗೆ ಗಿಣಿಶಾಸ್ತ್ರದವನು ಕೂತಿದ್ದ. ಗಿಣಿಶಾಸ್ತ್ರ ಎಲ್ಲರೂ ಕಂಡದ್ದೇ. ಕಷ್ಟದಲ್ಲಿರುವವರು ಬಂದು ಎದುರಿಗೆ ಕೂರುತ್ತಾರೆ, ಹೆಸರು ಹೇಳುತ್ತಾರೆ. ಶಾಸ್ತ್ರದವನು ಪುಟ್ಟ ಗೂಡಿನ ಬಾಗಿಲು ಎತ್ತುತ್ತಾನೆ. ಗಿಣಿ ಹೊರಗೆ ಬಂದು, ಜೋಡಿಸಿಟ್ಟ ಚೀಟಿಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು ಕೂತವರ ಮುಂದೆ ಇಡುತ್ತದೆ. ಒಂದು ಭತ್ತದ ಕಾಳು ಸಿಗುತ್ತದೆ. ಅದನ್ನು ತಿಂದು ತಾನಾಗಿಯೇ ಗೂಡಿಗೆ ಹೋಗುತ್ತದೆ.

ಅವತ್ತು ಗಿಣಿ ಹೊರಗೆ ಬರಲಿಲ್ಲ. ಶಾಸ್ತ್ರದವನು ಬೆತ್ತದ ಕಡ್ಡಿ ತೆಗೆದುಕೊಂಡು ಗೂಡಿನೊಳಗೆ ತಿವಿದ. ಗಿಣಿ ಕಿರುಚಿತು. ಅವನು ಇನ್ನೊಮ್ಮೆ ತಿವಿದ.

ಎಲೆ ಹಚ್ಚುವವನಿಗೆ ತಡೆಯಲಾಗಲಿಲ್ಲ. ಕಟ್ಟನ್ನು ಕೆಳಗೆ ಹಾಕಿ ಬೈಯಲು ನಿಂತ. ಹಕ್ಕಿಯ ಹೊಟ್ಟೆ ಕಟ್ಟಿ ನಿನ್ನ ಹೊಟ್ಟೆ ತುಂಬಿಸಿಕೊಳ್ಳುತ್ತೀಯಲ್ಲ, ನಾಚಿಕೆಯಿಲ್ಲವೇ ಎಂದ. ಸಂತೆಯಲ್ಲಿ ಜನ ಸೇರುವುದಕ್ಕೆ ಎಷ್ಟು ಹೊತ್ತು? ಕ್ಷಣದ ಮುಂಚೆ ಅದೇ ಗಿಣಿಯ ಮುಂದೆ ಭಕ್ತಿಯಿಂದ ಕೂತಿದ್ದವರೂ ಎದ್ದು ಬಂದು ಬೈದರು. ಏಟು ಬೀಳುವ ಲಕ್ಷಣ ಕಂಡು ಶಾಸ್ತ್ರದವನು ಗೂಡನ್ನೇ ಎತ್ತಿ ಅವನ ಕೈಗಿಟ್ಟ.

“ತಗೊಂಡ್ ಹೋಗಪ್ಪ, ನೀನೇ ಸಾಕು, ನೋಡೋಣ,” ಎಂದ.

“ಸಾಕ್ತೀನಿ. ಇನ್ಮೇಲೆ ಇದರ ಒಂದು ಗರಿಯೂ ಕೊಂಕದ ಹಾಗೆ ನೋಡ್ಕೋತೀನಿ,” ಎಂದು ಎಲೆ ಹಚ್ಚುವವನು ಅಷ್ಟು ಜನರ ಮುಂದೆ ಮಾತು ಕೊಟ್ಟ.

ಮನೆಗೆ ತಂದು ನೋಡಿದರೆ ಗಿಣಿಯ ರೆಕ್ಕೆಗಳನ್ನು ಕತ್ತರಿಯಿಂದ ಮೊಟಕು ಮಾಡಿದ್ದರು. ಹಾರಿಬಿಡೋಣವೆಂದರೆ ಬೆಕ್ಕಿನ ಬಾಯಿಗೆ ಹಾಕಿದಂತೆಯೇ. ರೆಕ್ಕೆ ಬೆಳೆಯುವ ತನಕ ಇಟ್ಟುಕೊಳ್ಳುವುದೆಂದು ಗಂಡ ಹೆಂಡತಿ ನಿಶ್ಚಯಿಸಿದರು. ಅವನು ಬಿದಿರಿನ ದೊಡ್ಡ ಪಂಜರ ಮಾಡಿಸಿ, ಜಗಲಿಯಲ್ಲಿ ತಾನು ಕೂರುವ ಜಾಗಕ್ಕೆ ನೇರ ಎದುರಿಗೆ ತೂಗುಹಾಕಿದ. ಬಾಗಿಲು ತೆರೆದೇ ಇಟ್ಟ. ಸೀಬೆಹಣ್ಣು, ನೆನೆಸಿದ ಕಡಲೆ, ಹಸಿಮೆಣಸಿನಕಾಯಿ, ಏನೂ ಕಡಿಮೆ ಮಾಡಲಿಲ್ಲ. ಹಳೆಯದು ನೆನಪಾಗಬಾರದೆಂದು ಜಗಲಿಯಲ್ಲಿ ಒಂದು ಕಾಗದದ ಚೂರೂ ಬೀಳದಂತೆ ನೋಡಿಕೊಂಡ. ಇನ್ನು ನಿನಗೆ ಯಾವ ಕೆಲಸವೂ ಇಲ್ಲ, ತಿಂದುಕೊಂಡು ಸುಮ್ಮನೆ ಕೂತಿರು ಎಂದು ಗಿಣಿಗೆ ಹೇಳಿದ.

ಗಿಣಿ ಸುಮ್ಮನೆ ಕೂತಿತು. ಪಂಜರದ ಒಂದು ಮೂಲೆ ಹಿಡಿದು ಹತ್ತು ದಿನ ಕೂತಿತು. ಅಷ್ಟಿಷ್ಟು ತಿನ್ನುವುದು, ಮತ್ತೆ ಮೂಲೆ. ಅವನು ಬಿಡುವಾದಾಗಲೆಲ್ಲ ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೈ ಜೋಡಿಸಿ ಗಲ್ಲಕ್ಕೆ ಆನಿಸಿಕೊಂಡು ಅದನ್ನೇ ನೋಡುತ್ತಿದ್ದ. ಅದರ ಕಷ್ಟಕ್ಕೆ ಅವನ ಕಣ್ಣು ಒದ್ದೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಅವನು ಹಾಗೆ ಕೂತಿದ್ದಾಗ ಗಿಣಿ ಮೂಲೆ ಬಿಟ್ಟು ಬಾಗಿಲ ಹತ್ತಿರ ನಡೆದು ಬಂತು. ಅವನನ್ನು ನೋಡಿತು. ಕತ್ತು ಬಗ್ಗಿಸಿ ಎದೆಯಿಂದ ಒಂದು ಗರಿ ಕಿತ್ತು ಅವನ ಮುಂದೆ ಇಟ್ಟಿತು. ಎರಡು ಹೆಜ್ಜೆ ಹಿಂದೆ ಸರಿದು ನಿಂತಿತು.

 ಅಯ್ಯೋ ಪಾಪ, ಎಷ್ಟು ನೊಂದಿದೆಯೋ ಎಂದು ಅವನು ಪಕ್ಕದ ಬಟ್ಟಲಿನಿಂದ ಒಂದು ಕಡಲೆಕಾಯಿ ಬೀಜ ತೆಗೆದು ಹಿಡಿದ. ಗಿಣಿ ಅವನ ಕೈಯಿಂದ ತೆಗೆದುಕೊಂಡು ತಿಂದಿತು. ಅದು ಅವನ ಕೈಯಿಂದ ತಿಂದದ್ದು ಅದೇ ಮೊದಲು. ಅವನು ಓಡಿಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದು, ಗಿಣಿಗೆ ನನ್ನ ಮೇಲೆ ನಂಬಿಕೆ ಬಂತು ಎಂದು ಕಣ್ಣೊರೆಸಿಕೊಂಡ.

ಅಂದಿನಿಂದ ದಿನಕ್ಕೊಂದು ಗರಿ. ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಐದಾರು. ಪ್ರತಿ ಗರಿಗೂ ಅವನ ಕೈ ಬಟ್ಟಲಿಗೆ ಹೋಗುತ್ತಿತ್ತು. ಗಿಣಿಯ ಎದೆ ಬೋಳಾಯಿತು, ಆಮೇಲೆ ಹೊಟ್ಟೆ, ಆಮೇಲೆ ತೊಡೆ. ಹೇನಿರಬೇಕೆಂದು ಒಬ್ಬರು ಹೇಳಿದರು, ಬೇವಿನ ನೀರಿನಲ್ಲಿ ಮೀಯಿಸಿದ. ದೃಷ್ಟಿಯೆಂದು ಇನ್ನೊಬ್ಬರು ಹೇಳಿದರು, ದೃಷ್ಟಿ ತೆಗೆಸಿದ. ಕೊಕ್ಕು ಮೈಗೆ ಸಿಗದಂತೆ ಕತ್ತಿಗೆ ಪಟ್ಟಿ ಕಟ್ಟಲು ಹೇಳಿದವರೂ ಇದ್ದರು. ಕಟ್ಟಿದ ದಿನ ಗಿಣಿ ಬೆಳಗಿನಿಂದ ಸಂಜೆಯವರೆಗೆ ಕಿರುಚಿ ಬಿದ್ದುಬಿದ್ದು ಹೊರಳಿತು. ನೋಡಲಾರದೆ ಬಿಚ್ಚಿದ.

ಅವನ ಹೆಂಡತಿ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು. “ನೀವು ಹೊರಗೆ ಹೋದಾಗ ಅದು ಕೀಳಲ್ಲ. ನೀವು ಬಂದು ಎದುರಿಗೆ ಕೂತಾಗಲೇ ಕೀಳುತ್ತೆ.”

“ನನ್ನ ಹತ್ತಿರ ನೋವು ಹೇಳ್ಕೊಳ್ಳುತ್ತೆ, ನಿನ್ನ ಹತ್ತಿರ ಹೇಳ್ಕೊಳ್ಳಲ್ಲ. ಅದಕ್ಕೆ ನಿನಗೆ ಹೊಟ್ಟೆಕಿಚ್ಚು,” ಎಂದು ಅವನು ಸಿಡುಕಿದ. ಅವಳು ಒಳಗೆ ಹೋದಳು. ಎಲೆಯ ಕೆಲಸ ಅಷ್ಟು ದಿನವೂ ಅವಳೊಬ್ಬಳ ಮೇಲೆಯೇ ಬಿದ್ದಿತ್ತು, ಜಗಳಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

ಮಾರ್ಗಶಿರ ಬಂತು, ಚಳಿ ಬಂತು. ಬೋಳು ಮೈಯ ಗಿಣಿ ಬಿಸಿಲಿನ ಚೂರು ಹುಡುಕಿಕೊಂಡು ಕೂರುತ್ತಿತ್ತು. ಚರ್ಮದಿಂದ ಹೊಸ ಗರಿಗಳ ಮೊಳಕೆ ಹೊರಟಿತ್ತು. ಎಳೆಯ ಗರಿಯ ಬುಡದಲ್ಲಿ ರಕ್ತವಿರುತ್ತದೆ. ಗಿಣಿ ಈಗ ಅವುಗಳನ್ನೇ ಕೀಳತೊಡಗಿತು. ಒಂದು ಗರಿಗೆ ಒಂದು ಹನಿ ರಕ್ತ. ದನಕರುಗಳಿಗೆ ಮದ್ದು ಕೊಡುವ ವೈದ್ಯನೊಬ್ಬ ಬಂದು ನೋಡಿ, ರಕ್ತ ಹೀಗೇ ಹೋದರೆ ಇದು ಸಂಕ್ರಾಂತಿ ಕಾಣುವುದಿಲ್ಲ ಎಂದು ಹೇಳಿ ಹೋದ.

ಎಲೆ ಹಚ್ಚುವವನು ಕಡ್ಡಿ ಮುಟ್ಟುವುದನ್ನೇ ಬಿಟ್ಟ. ಬೆಳಗಿನಿಂದ ಕತ್ತಲಾಗುವವರೆಗೆ ಬೀಜದ ಬಟ್ಟಲು ಹಿಡಿದು ಪಂಜರದ ಮುಂದೆಯೇ ಕೂತ. ಅವನು ಹೆಚ್ಚು ಕೂತಷ್ಟೂ ಗಿಣಿ ಹೆಚ್ಚು ಕಿತ್ತಿತು. ಕತೆಯ ಹೊರಗೆ ಕೂತ ನಮಗೆ ಇದು ಬೇಗ ಕಾಣುತ್ತದೆ. ಬಟ್ಟಲು ಕೈಯಲ್ಲಿ ಹಿಡಿದವನಿಗೆ ಕಾಣುವುದಿಲ್ಲ.

ದಾರಿಯಲ್ಲಿ ಹೋಗುವವರು ನಿಂತು ನೋಡುವರು. ಅವರಲ್ಲೊಬ್ಬ, ಶಾಸ್ತ್ರದವನ ಹತ್ತಿರ ಇದ್ದಾಗ ಇದಕ್ಕೆ ಮೈತುಂಬ ಗರಿ ಇತ್ತಲ್ಲ ಎಂದ. ಆ ಮಾತು ಎಲೆ ಹಚ್ಚುವವನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಹೌದಲ್ಲ. ಬೆತ್ತದ ಕಡ್ಡಿ ಇದ್ದಲ್ಲಿ ಗರಿ ಇತ್ತು. ಸೀಬೆಹಣ್ಣು ಇದ್ದಲ್ಲಿ ಗರಿ ಇಲ್ಲ. ತಾನು ಬಿಡಿಸಿ ತಂದದ್ದೇ ತಪ್ಪಾಯಿತೇ? ಅಷ್ಟು ಜನರ ಮುಂದೆ ಆಡಿದ ಮಾತು ನೆನಪಾಯಿತು. ಸಂಕ್ರಾಂತಿಗೆ ಇನ್ನು ಹನ್ನೆರಡು ದಿನ ಉಳಿದಿದ್ದಾಗ ಅವನು ಗಿಣಿಯನ್ನು ಹಳೆಯ ಪುಟ್ಟ ಗೂಡಿಗೆ ಹಾಕಿ, ಮೇಲೆ ಕಂಬಳಿ ಸುತ್ತಿ, ವಾಪಸ್ ಕೊಟ್ಟುಬಿಡಲು ಸಂತೆಗೆ ಹೊರಟ. ಗಿಣಿ ಬದುಕಲಿ ಎಂಬುದು ಒಂದು ಕಾರಣ. ತಾನು ದಣಿದಿದ್ದೇನೆ, ಇನ್ನು ಇದನ್ನು ನೋಡಲಾರೆ ಎಂಬುದು ಇನ್ನೊಂದು. ಎರಡನೆಯದನ್ನು ಅವನು ತನಗೂ ಹೇಳಿಕೊಳ್ಳಲಿಲ್ಲ.

ಹುಣಸೆಮರದ ಕೆಳಗೆ ಶಾಸ್ತ್ರದವನು ಹೊಸ ಗಿಣಿಯೊಂದನ್ನು ಇಟ್ಟುಕೊಂಡು ಕೂತಿದ್ದ. ಎದುರಿಗೆ ಒಬ್ಬ ಹೆಂಗಸು. ಅವಳ ಸರದಿ ಮುಗಿಯಲಿ ಎಂದು ಎಲೆ ಹಚ್ಚುವವನು ತನ್ನ ಗೂಡನ್ನು ಪಕ್ಕದಲ್ಲಿ ಇಳಿಸಿ, ಗಾಳಿಯಾಡಲೆಂದು ಕಂಬಳಿಯನ್ನು ಮುಂಭಾಗದಲ್ಲಿ ಸರಿಸಿದ.

ಹೆಂಗಸು ಕುಕ್ಕರಗಾಲಿನಲ್ಲಿ ಕೂತಿದ್ದಳು. ಕೈ ಜೋಡಿಸಿ ಗಲ್ಲಕ್ಕೆ ಆನಿಸಿಕೊಂಡಿದ್ದಳು. ಕಣ್ಣು ಒದ್ದೆಯಾಗಿತ್ತು. ಶಾಸ್ತ್ರದವನು ಬಾಗಿಲು ಎತ್ತಿದ. ಹೊಸ ಗಿಣಿ ಹೊರಗೆ ಬಂತು, ಅವಳನ್ನು ನೋಡಿತು, ಕತ್ತು ಬಗ್ಗಿಸಿ ಒಂದು ಚೀಟಿ ಎಳೆದು ಅವಳ ಮುಂದೆ ಇಟ್ಟಿತು. ಎರಡು ಹೆಜ್ಜೆ ಹಿಂದೆ ಸರಿದು ನಿಂತಿತು.

ಅದೇ ಹೊತ್ತಿಗೆ ಎಲೆ ಹಚ್ಚುವವನ ಕಾಲ ಬಳಿ ಸಣ್ಣ ಸದ್ದಾಯಿತು. ಅವನ ಗಿಣಿ ಗೂಡಿನ ಸರಳಿಗೆ ಬಂದು ನಿಂತು ಆ ಹೆಂಗಸನ್ನೇ ನೋಡುತ್ತಿತ್ತು. ಅದು ಕತ್ತು ಬಗ್ಗಿಸಿತು. ಎದೆಯಿಂದ ಒಂದು ಎಳೆಗರಿ ಕಿತ್ತು, ಸರಳಿನ ಸಂದಿಯಿಂದ ಅವಳ ಕಡೆಗೆ ತಳ್ಳಿತು. ಎರಡು ಹೆಜ್ಜೆ ಹಿಂದೆ ಸರಿದು ಕಾದು ನಿಂತಿತು. ಅದರ ಎದೆಯ ಮೇಲೆ ರಕ್ತದ ಹನಿ ಮೂಡಿತು.

 ಆ ಹೆಂಗಸು ಕೂತ ಭಂಗಿ ಅವನಿಗೆ ಗೊತ್ತು. ಆ ಕೈ, ಆ ಗಲ್ಲ, ಆ ಒದ್ದೆ ಕಣ್ಣು. ಇಷ್ಟು ದಿನ ಪಂಜರದ ಮುಂದೆ ಹಾಗೆ ಕೂತದ್ದು ತಾನೇ. ಕಷ್ಟ ಹೊತ್ತ ಮುಖವೊಂದು ಎದುರಿಗೆ ಬಂದು ಕೂತರೆ ಏನಾದರೂ ಎಳೆದು ಕೊಡಬೇಕು, ಕೊಟ್ಟರೆ ಕಾಳು ಬರುತ್ತದೆ. ಗಿಣಿಗೆ ಗೊತ್ತಿದ್ದದ್ದು ಅಷ್ಟೇ. ಚೀಟಿಗಳನ್ನು ತಾನು ಇಲ್ಲವಾಗಿಸಿದ್ದ. ಎಳೆಯಲು ಗಿಣಿಗೆ ಉಳಿದದ್ದು ಅದರ ಮೈಯೇ. ಅದು ತನ್ನ ಹತ್ತಿರ ನೋವು ಹೇಳಿಕೊಂಡಿರಲಿಲ್ಲ, ಕೆಲಸ ಮಾಡಿತ್ತು. ಗರಿಗೊಂದು ಬೀಜ ಕೊಟ್ಟು ಆ ಕೆಲಸ ಮಾಡಿಸಿದವನು ತಾನು.

ಶಾಸ್ತ್ರದವನು ತಲೆಯೆತ್ತಿ ಅವನನ್ನೂ ಬೋಳು ಗಿಣಿಯನ್ನೂ ನೋಡಿದ. ನಗಲಿಲ್ಲ.

“ವಾಪಸ್ ತಂದ್ಯಾ? ಇಲ್ಲಿ ಬಿಟ್ಟು ಹೋಗು. ಚೀಟಿ ಮುಂದಿಟ್ಟರೆ ಗರಿ ಕೀಳೋದು ನಾಳೇನೇ ನಿಲ್ಲುತ್ತೆ,” ಎಂದ.

ಅವನು ಹೇಳಿದ್ದು ಸುಳ್ಳಲ್ಲ, ನಿಲ್ಲುತ್ತಿತ್ತು. ಕಷ್ಟ ಇದ್ದದ್ದೇ ಅಲ್ಲಿ. ಎಲೆ ಹಚ್ಚುವವನು ಶಾಸ್ತ್ರದವನ ಮಂಡಿಯ ಪಕ್ಕ ನೋಡಿದ. ಬೆತ್ತದ ಕಡ್ಡಿ ಅಲ್ಲೇ ಇತ್ತು, ತುದಿ ಸವೆದು ನುಣುಪಾಗಿತ್ತು. ಅವನು ಕಂಬಳಿ ಮುಚ್ಚಿ ಗೂಡನ್ನು ಎತ್ತಿಕೊಂಡು ಮನೆಯ ಕಡೆ ತಿರುಗಿದ. ದಾರಿಯುದ್ದಕ್ಕೂ ಅವನಿಗೆ ಹೆಂಡತಿಯ ಮಾತು ನೆನಪಾಗಿ ಮುಖ ಸುಡುತ್ತಿತ್ತು.

ಮನೆಗೆ ಬಂದವನು ಮೊದಲು ಹೆಂಡತಿಯ ಹತ್ತಿರ ಹೋಗಿ, ನೀನು ಹೇಳಿದ್ದೇ ಸರಿ ಎಂದ. ಏನು ಮಾಡಬಾರದು ಎಂಬುದು ಈಗ ಅವನಿಗೆ ತಿಳಿದಿತ್ತು. ಏನು ಮಾಡಬೇಕು ಎಂಬುದು ತಿಳಿದಿರಲಿಲ್ಲ. ಪಂಜರವನ್ನು ಎದುರಿನಿಂದ ತೆಗೆದು, ತಾನು ಕೂರುವ ಜಾಗದ ಪಕ್ಕಕ್ಕೆ, ತನ್ನ ಭುಜದ ಮಟ್ಟಕ್ಕೆ ಕಟ್ಟಿದ. ಇಬ್ಬರ ಮುಖವೂ ಬೀದಿಯ ಕಡೆಗಾಯಿತು. ತೂತು ಬಿದ್ದ ಎಲೆಗಳನ್ನು ಆರಿಸಿ, ಒಂದೊಂದರಲ್ಲಿ ಒಂದೆರಡು ಬೀಜ ಸುತ್ತಿ ಪೊಟ್ಟಣ ಮಾಡಿ ಪಂಜರದ ತುಂಬ ಸಿಕ್ಕಿಸಿದ. ಎಳೆಯಬೇಕೆಂದರೆ ಇದನ್ನು ಎಳೆಯಲಿ, ಸಿಕ್ಕಿದ್ದನ್ನು ಯಾರಿಗೂ ಒಪ್ಪಿಸದೆ ತಾನೇ ತಿನ್ನಲಿ ಎಂಬುದು ಅವನ ಲೆಕ್ಕ. ಆಮೇಲೆ ಎಷ್ಟೋ ದಿನಗಳ ಮೇಲೆ ಕಡ್ಡಿ ಹಿಡಿದು ಕೂತ.

ಮರುದಿನ ಬೆಳಿಗ್ಗೆ ಗಿಣಿ ಬಾಗಿಲಿಗೆ ಬಂತು. ಒಂದು ಗರಿ ಕಿತ್ತು ಇಟ್ಟಿತು. ಕಾಯಿತು. ಅವನು ಎಲೆಯಿಂದ ಕಣ್ಣು ಎತ್ತಲಿಲ್ಲ. ಗಿಣಿ ಇನ್ನೊಂದು ಕಿತ್ತಿತು, ಅವನ ಕಡೆಗೆ ಇನ್ನಷ್ಟು ಹತ್ತಿರ ಇಟ್ಟಿತು. ಬೀಜ ಬರದಿದ್ದರೆ ನಿಲ್ಲಿಸೀತು ಎಂದು ಅವನು ತಿಳಿದಿದ್ದ. ಅದು ನಿಲ್ಲಿಸಲಿಲ್ಲ. ಕೂಗಿದರೂ ಬಾಗಿಲು ತೆರೆಯದ ಮನೆಯ ಮುಂದೆ ನಾವು ಇನ್ನೂ ಜೋರಾಗಿ ಕೂಗುವುದಿಲ್ಲವೇ, ಹಾಗೆ ಒಂದರ ಮೇಲೊಂದು ಕಿತ್ತಿತು. ಎದೆಯ ಮೇಲೆ ರಕ್ತ ಇಳಿಯಿತು.

ಹೆಂಡತಿ ಬಾಗಿಲಿಗೆ ಬಂದಳು. ಮೊದಲು ಸತ್ಯ ಕಂಡವಳು ಅವಳೇ, ಆದರೂ ಅವಳಿಗೆ ತಡೆಯಲಾಗಲಿಲ್ಲ.

“ಒಂದೇ ಒಂದು ಬೀಜ ಕೊಡೀಂದ್ರೆ. ಸತ್ತುಹೋಗುತ್ತೆ.”

“ಕೊಟ್ಟರೆ ಇನ್ನೊಂದು ಕೀಳು ಅಂತ ನಾನೇ ಹೇಳಿದ ಹಾಗೆ.”

ಅವನು ಎದ್ದು, ರಕ್ತ ಬಂದ ಕಡೆಗೆ ಅರಿಶಿನ ಒತ್ತಿದ. ಪಾತ್ರೆ ಒರೆಸಿ ಇಡುವವನ ಹಾಗೆ, ಮುಖ ನೋಡದೆ, ಪಾಪ ಎನ್ನದೆ ಒತ್ತಿ, ರಕ್ತ ನಿಂತ ಮೇಲೆ ಬಂದು ಕೂತ.  ಅಂದು ಅವನು ಹಚ್ಚಿದ ಎಲೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ.

ಎರಡನೆಯ ದಿನ ಗಿಣಿ ಗರಿ ಕೀಳಲಿಲ್ಲ. ತಿನ್ನಲೂ ಇಲ್ಲ. ಎಲೆಯ ಪೊಟ್ಟಣಗಳ ಹತ್ತಿರ ಸುಳಿಯಲಿಲ್ಲ. ಕಣ್ಣು ಅರ್ಧ ಮುಚ್ಚಿ ಮೂಲೆಯಲ್ಲಿ ಕೂತಿತು. ಕಿರುಚುವ ಗಿಣಿಗಿಂತ ಹೀಗೆ ಕೂತ ಗಿಣಿ ಅವನನ್ನು ಹೆಚ್ಚು ಹೆದರಿಸಿತು. ಬೀಜದ ಬಟ್ಟಲು ಮಂಡಿಯ ಪಕ್ಕದಲ್ಲಿತ್ತು. ಈಗ ಹೋಗಿ ಎದುರಿಗೆ ಕೂತು ಕೈ ಚಾಚಿದರೆ ಗಿಣಿ ಎದ್ದು ಬರುತ್ತದೆ, ಒಂದು ಗರಿ ಕೊಡುತ್ತದೆ, ಒಂದು ಬೀಜ ತಿನ್ನುತ್ತದೆ, ಇವತ್ತಿಗೆ ಬದುಕುತ್ತದೆ. ಅವನ ಕೈ ಎರಡು ಸಲ ಬಟ್ಟಲಿಗೆ ಹೋಗಿ ಬಂತು. ಕೊನೆಗೆ ಹೆಂಡತಿಯನ್ನು ಕರೆದು, ಇದನ್ನು ಒಳಗಿಡು, ಎಲ್ಲಿಟ್ಟೆ ಎಂದು ನನಗೆ ಹೇಳಬೇಡ ಎಂದ.

ಬಾಯಿ ಸುಮ್ಮನಿರಲಾರದೆ ಮಾತಾಡತೊಡಗಿದ. ಗಿಣಿಯ ಕಡೆ ತಿರುಗದೆ, ಎಲೆಗಳನ್ನು ನೋಡುತ್ತ, ಇದಕ್ಕೆ ತೊಟ್ಟು ಗಟ್ಟಿ ನೋಡು, ಇದಕ್ಕೆ ಹುಳು ಬಿದ್ದಿದೆ, ಈ ಕಟ್ಟು ತಂದವನು ಮೋಸ ಮಾಡಿದ್ದಾನೆ, ಮೇಲೆ ಮಾತ್ರ ಒಳ್ಳೆಯ ಎಲೆ ಇಟ್ಟಿದ್ದಾನೆ, ಹೀಗೆ ತಲೆ ಬುಡ ಇಲ್ಲದ ಮಾತು. ಅಯ್ಯೋ ಎಂಬುದೊಂದನ್ನು ಬಿಟ್ಟು ಎಲ್ಲ ಮಾತಾಡಿದ. ಹೊತ್ತು ಮುಳುಗುವವರೆಗೂ ಗಿಣಿ ಏನೂ ತಿನ್ನಲಿಲ್ಲ.

ಮೂರನೆಯ ದಿನ ಮಧ್ಯಾಹ್ನದವರೆಗೂ ಹಾಗೇ ಇತ್ತು. ಇವತ್ತೂ ತಿನ್ನದಿದ್ದರೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಸಂತೆಯಲ್ಲಿ ಬಿಟ್ಟು ಬಂದಿದ್ದರೆ ಬದುಕಿರುತ್ತಿತ್ತು, ನಾನೇ ಕೊಂದೆ ಎಂಬ ಯೋಚನೆ ಮತ್ತೆ ಮತ್ತೆ ಬಂತು. ಮಾತು ಬತ್ತಿಹೋಗಿತ್ತು. ಕೈ ಮಾತ್ರ ಕಡ್ಡಿ ಚುಚ್ಚುತ್ತಿತ್ತು.

ಆಗ ಅವನ ಭುಜದ ಹತ್ತಿರ ಒಂದು ಸದ್ದಾಯಿತು. ಚಿರ್ ಎಂದು, ಬಹಳ ಸಣ್ಣದು.

ಅವನ ಕೈ ನಿಂತಿತು. ಅದು ಗರಿಯೋ ಎಲೆಯೋ? ತಿರುಗಿ ನೋಡಿದರೆ ತಿಳಿಯುತ್ತದೆ. ಆದರೆ ತಿರುಗಿದರೆ ಗಿಣಿಗೆ ಕಾಣುವುದು ಅದೇ ಮುಖ. ಆ ಒದ್ದೆ ಕಣ್ಣಿನ, ಕಷ್ಟ ಹೊತ್ತ ಮುಖ. ಅದನ್ನು ಕಂಡರೆ ಅದು ಬಾಗಿಲಿಗೆ ಬರುತ್ತದೆ. ಸದ್ದು ಮತ್ತೆ ಆಯಿತು.  ಕತ್ತನ್ನು ಬಿಗಿಹಿಡಿದು ಅವನು ಬಾಗಿಲ ಕಡೆ ಕಣ್ಣು ಹಾಯಿಸಿದ. ಹೆಂಡತಿ ಮೊರ ಹಿಡಿದು ಹೊಸಿಲ ಮೇಲೆ ನಿಂತಿದ್ದಳು. ಅವಳ ಕಣ್ಣು ಪಂಜರದ ಮೇಲಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೋ ಏನೋ ಅವನಿಗೆ ಗೊತ್ತಾಗಲಿಲ್ಲ. ಅವನು ಹುಬ್ಬು ಎತ್ತಿ ಕೇಳಿದ.

“ಎಲೆ,” ಎಂದಳು.

ಅವನು ಮುಖವನ್ನು ಮಂಡಿಗೆ ಒತ್ತಿಕೊಂಡು, ಗಿಣಿಗೆ ಕೇಳಿಸದ ಹಾಗೆ ಅತ್ತ.

ಆಮೇಲಿನದು ನಿಧಾನದ ಕೆಲಸ. ಬೆಳಿಗ್ಗೆ ಎದ್ದರೆ ಪಂಜರಕ್ಕೆ ಎಲೆಯ ಪೊಟ್ಟಣ, ಕೆಳಗೆ ಒಂದು ಹೊರೆ ಹಾಳು ಎಲೆ. ಗಿಣಿ ಅದನ್ನೆಲ್ಲ ಸಿಗಿದು ಚೂರು ಮಾಡಿ ಜಗಲಿ ತುಂಬ ಹರಡುತ್ತಿತ್ತು. ಗುಡಿಸಿ ಗುಡಿಸಿ ಸಾಕಾದ ಹೆಂಡತಿ ಅದಕ್ಕೆ ಬಾಯಿಗೆ ಬಂದದ್ದು ಬೈಯುತ್ತಿದ್ದಳು. ಆ ಬೈಗಳಿಗೆ ಗಿಣಿ ಕತ್ತು ಕುಣಿಸುತ್ತಿತ್ತು. ಕೆಲವು ದಿನ ಮತ್ತೆ ಗರಿ ಕೀಳುತ್ತಿತ್ತು, ಅವನು ನೋಡುತ್ತಿರಲಿಲ್ಲ. ಸಂಕ್ರಾಂತಿ ಬಂತು, ಹೋಯಿತು. ಯುಗಾದಿಯ ಹೊತ್ತಿಗೆ ಮೈ ಹಸಿರಾಯಿತು. ಎದೆಯ ನಡುವೆ ಹುಣಸೆಬೀಜದಷ್ಟು ಜಾಗದಲ್ಲಿ ಮಾತ್ರ ಗರಿ ಮತ್ತೆ ಹುಟ್ಟಲಿಲ್ಲ. ರೆಕ್ಕೆ ಬಲಿತ ಮೇಲೆ ಅದು ಮನೆಯ ಹೆಂಚಿನ ಮೇಲೆ ಕೂರುತ್ತಿತ್ತು, ಎದುರಿನ ಬೇವಿನ ಮರಕ್ಕೆ ಹೋಗುತ್ತಿತ್ತು, ಮನಸ್ಸು ಬಂದಾಗ ಎಲೆಯ ರಾಶಿಗೆ ಇಳಿಯುತ್ತಿತ್ತು. ಎಲೆ ಹಚ್ಚುವವನು ತನ್ನ ಕೆಲಸ ಮಾಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಮುದ್ದವೀರ ತಲೆ ತಗ್ಗಿಸಿ ಕೂತಿದ್ದ. ಹಾಗೆಯೇ ಕೇಳಿದ. “ಹಾಗಾದ್ರೆ ಅವಳ ಕಷ್ಟ ನಾನು ಕೇಳಲೇಬಾರದಾ ಬುದ್ಧಿ? ಹಿರಿಯರಿಗೆ ಏನು ಹೇಳಲಿ?”

“ಹಿರಿಯರು ಬರೋದು ನಾಡಿದ್ದು. ಇವತ್ತು ಸಂಜೆ ತುತ್ತು ಮೊದಲು ಕೊಡ್ತೀಯೋ, ಅಳು ಬರೋವರೆಗೂ, ಗರಿ ಬೀಳೋವರೆಗೂ ಕಾಯ್ತೀಯೋ?”

ಮುದ್ದವೀರ ತನ್ನ ಬಲಗೈಯನ್ನು ನೋಡಿಕೊಂಡ.